ಟೆಲಿಕಾಂ ತರಬೇತಿ: ಯಾವ ಕೋರ್ಸ್ ಯಾರಿಗೆ, ಯಾವ ಕೆಲಸಕ್ಕೆ?

ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿ ಮುಗಿಸಿದವರು, ಡಿಪ್ಲೊಮಾ ಮಾಡಿ ಊರಿನ ಸುತ್ತಮುತ್ತಲೇ ಕೆಲಸ ಹುಡುಕುತ್ತಿರುವವರು, ಐದಾರು ವರ್ಷ ಟವರ್ ಸೈಟುಗಳಲ್ಲಿ ಅಲೆದು ಈಗ ಒಂದು ಕಡೆ ನೆಲೆ ನಿಲ್ಲಬೇಕೆಂದಿರುವವರು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 5ಜಿ ಕೋರ್ಸ್ ಮಾಡಬೇಕೆಂದಿದ್ದೇನೆ, ಯಾವುದು ಒಳ್ಳೆಯದು? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವವರನ್ನು ನಂಬಬೇಡಿ. ಒಂದು ಮೊಬೈಲಿನಿಂದ ಹೊರಟ ಕರೆ ಇನ್ನೊಂದು ಮೊಬೈಲನ್ನು ತಲುಪುವ ದಾರಿಯಲ್ಲಿ ಕನಿಷ್ಠ ನಾಲ್ಕು ಕಸುಬುಗಳ ಜನ ದುಡಿಯುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ, ಒಬ್ಬರಿಗೆ ಅನ್ನ ಕೊಡುವ ತರಬೇತಿ ಇನ್ನೊಬ್ಬರಿಗೆ ಬರೀ ಖರ್ಚಾಗುತ್ತದೆ. ಆದ್ದರಿಂದ ಕೋರ್ಸುಗಳನ್ನು ಹೋಲಿಸುವ ಮೊದಲು ಆ ದಾರಿಯ ಯಾವ ತಾಣದಲ್ಲಿ ನಿಂತು ಕೆಲಸ ಮಾಡಲು ಬಯಸುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಮೊದಲನೆಯದು ಫೈಬರ್ ಮತ್ತು ಸೈಟ್ ಕೆಲಸ. ಕೇಬಲ್ ಎಳೆಯುವುದು, ತುಂಡಾದ ಫೈಬರನ್ನು ಸ್ಪ್ಲೈಸ್ ಮಾಡುವುದು ಅಂದರೆ ಬೆಸೆಯುವುದು, ಮನೆಗಳಿಗೆ ಎಫ್‌ಟಿಟಿಎಚ್ ಎಂಬ ಫೈಬರ್ ಇಂಟರ್ನೆಟ್ ಸಂಪರ್ಕ ಕೊಡುವುದು, ಟವರಿನ ಮೇಲೆ ಆಂಟೆನಾ ಕಟ್ಟುವುದು, ಬ್ಯಾಟರಿ ಮತ್ತು ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುವುದು ಇದರಲ್ಲಿ ಸೇರುತ್ತವೆ. ಎರಡನೆಯದು ರೇಡಿಯೊ ಕೆಲಸ, ಅಂದರೆ ವಾಹನದಲ್ಲಿ ಫೋನು ಮತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು ಬೀದಿ ಬೀದಿ ಸುತ್ತಿ ಸಿಗ್ನಲ್ ಅಳೆಯುವ ಡ್ರೈವ್ ಟೆಸ್ಟ್, ಆ ಅಳತೆಗಳನ್ನು ಓದಿ ನೆಟ್‌ವರ್ಕನ್ನು ಸರಿಪಡಿಸುವ ಆಪ್ಟಿಮೈಸೇಷನ್. ಮೂರನೆಯದು ಐಪಿ ನೆಟ್‌ವರ್ಕ್: ರೌಟರ್, ಸ್ವಿಚ್, ಕಚೇರಿ ಆಸ್ಪತ್ರೆಗಳ ವೈ-ಫೈ, ಮತ್ತು ಹಗಲಿರುಳು ಪಾಳಿಯಲ್ಲಿ ನಡೆಯುವ ಎನ್‌ಒಸಿ ಎಂಬ ನಿಗಾ ಕೇಂದ್ರಗಳು. ನಾಲ್ಕನೆಯದು ಈ ಉಪಕರಣಗಳೊಳಗಿನ ಸಾಫ್ಟ್‌ವೇರ್ ಬರೆಯುವ ಮತ್ತು ಪರೀಕ್ಷಿಸುವ ಕೆಲಸ. ಉದ್ಯಮದಲ್ಲಿ ಇದನ್ನು ಪ್ರೋಟೊಕಾಲ್ ಡೆವಲಪ್‌ಮೆಂಟ್, ಪ್ರೋಟೊಕಾಲ್ ಟೆಸ್ಟಿಂಗ್ ಎನ್ನುತ್ತಾರೆ. ಪ್ರೋಟೊಕಾಲ್ ಎಂದರೆ ಉಪಕರಣಗಳು ಪರಸ್ಪರ ಸಂದೇಶ ಕಳಿಸುವ ನಿಯಮಾವಳಿ.

ಈ ನಾಲ್ಕನೆಯ ಕೆಲಸಕ್ಕೆ ದೇಶದಲ್ಲಿ ಬೆಂಗಳೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. 1948ರಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ದೂರವಾಣಿನಗರದಲ್ಲಿ ಆರಂಭವಾದಾಗಿನಿಂದ ಟೆಲಿಕಾಂ ಉಪಕರಣಗಳ ವಿದ್ಯೆ ಇಲ್ಲಿ ಬೇರುಬಿಟ್ಟಿದೆ. ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಇಂದು ನೋಕಿಯಾ, ಎರಿಕ್ಸನ್, ಕ್ವಾಲ್ಕಾಂ, ಸ್ಯಾಮ್‌ಸಂಗ್, ಸಿಸ್ಕೊ ಕಂಪನಿಗಳ ಅಭಿವೃದ್ಧಿ ಕೇಂದ್ರಗಳು ಇಲ್ಲಿವೆ, ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೆ ರೇಡಿಯೊ ಉಪಕರಣ ಒದಗಿಸಿದ ತೇಜಸ್ ನೆಟ್‌ವರ್ಕ್ಸ್ ಕೂಡ ಇಲ್ಲಿಯದೇ. ಕನ್ನಡದ ಹುಡುಗ ಹುಡುಗಿಯರು ಈ ಕೆಲಸಕ್ಕಾಗಿ ದೂರ ಹೋಗಬೇಕಾಗಿಲ್ಲ ಎಂಬುದನ್ನು ಕೋರ್ಸಿನ ಲೆಕ್ಕಾಚಾರದಲ್ಲಿ ಮರೆಯಬಾರದು.

ಯಾವುದರಿಂದ ಅಳೆಯುವುದು

ನಾನು ಯಾವ ಕೋರ್ಸನ್ನು ನೋಡಿದರೂ ಮೊದಲು ಕೇಳುವುದು, ಕಲಿಯುವವನ ಕೈ ಉಪಕರಣದ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದು. ಸ್ಲೈಡ್ ತೋರಿಸಿ ಪಾಠ ಮಾಡುವುದು ಸುಲಭ, ಅಗ್ಗ. ಇಪ್ಪತ್ತು ಜನರಿಗೆ ಒಂದೇ ಸ್ಪ್ಲೈಸಿಂಗ್ ಯಂತ್ರ ಇದ್ದರೆ ಪ್ರತಿಯೊಬ್ಬರಿಗೂ ಸಿಗುವುದು ಯಂತ್ರ ನೋಡುವ ಭಾಗ್ಯ ಮಾತ್ರ. ಎರಡನೆಯದಾಗಿ, ಪರೀಕ್ಷೆ ಮಾಡುವವರು ಯಾರು? ಪಾಠ ಮಾಡಿದ ಸಂಸ್ಥೆಯೇ ಪರೀಕ್ಷೆ ಮಾಡಿ ತಾನೇ ಪ್ರಮಾಣಪತ್ರ ಕೊಟ್ಟರೆ ಅದಕ್ಕೆ ಹೊರಗೆ ಬೆಲೆ ಕಡಿಮೆ. ಬೇರೊಬ್ಬರು ನಡೆಸುವ ಪರೀಕ್ಷೆ ಪಾಸಾದರೆ, ಕಲಿಸಿದವರು ಯಾರೇ ಆಗಿರಲಿ, ಉದ್ಯೋಗದಾತರು ಅದನ್ನು ಗಮನಿಸುತ್ತಾರೆ.

ಮೂರನೆಯದು ನಿಜವಾದ ಖರ್ಚು. ಜಾಹೀರಾತಿನಲ್ಲಿರುವ ಶುಲ್ಕದ ಮೇಲೆ ಜಿಎಸ್‌ಟಿ, ಬೆಂಗಳೂರಿನ ಪಿಜಿ ಬಾಡಿಗೆ ಮತ್ತು ಊಟ, ಪ್ರತ್ಯೇಕವಾಗಿ ಕಟ್ಟಬೇಕಾದ ಪರೀಕ್ಷಾ ಶುಲ್ಕ, ಕೆಲಸ ಬಿಟ್ಟು ಕುಳಿತ ತಿಂಗಳುಗಳ ಸಂಬಳ ಇವೆಲ್ಲ ಸೇರುತ್ತವೆ. ಎಷ್ಟೋ ಸಲ ಕೋರ್ಸಿನ ಶುಲ್ಕಕ್ಕಿಂತ ಇವುಗಳ ಮೊತ್ತವೇ ದೊಡ್ಡದಾಗುತ್ತದೆ.

ನಾಲ್ಕನೆಯದು ಪಠ್ಯಕ್ರಮದ ವಯಸ್ಸು. ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಜಿಯೊ ತನ್ನ 5ಜಿಯನ್ನು 4ಜಿಯ ಆಸರೆಯಿಲ್ಲದ ಸ್ಟ್ಯಾಂಡ್‌ಅಲೋನ್ ಮಾದರಿಯಲ್ಲಿ ಕಟ್ಟಿತು, ಏರ್‌ಟೆಲ್ 4ಜಿ ಜಾಲದ ಮೇಲೆ ನಿಲ್ಲುವ ನಾನ್-ಸ್ಟ್ಯಾಂಡ್‌ಅಲೋನ್ ಮಾದರಿಯಲ್ಲಿ ಆರಂಭಿಸಿತು. ಈ ಎರಡರ ವ್ಯತ್ಯಾಸವನ್ನು ಸಂದೇಶಗಳ ಮಟ್ಟದಲ್ಲಿ ವಿವರಿಸದ 5ಜಿ ಕೋರ್ಸು, ಹಳೆಯ 4ಜಿ ಪಾಠಕ್ಕೆ ಹೊಸ ಹೊದಿಕೆ ಹಾಕಿದ್ದು ಎಂದು ತಿಳಿಯಬಹುದು. ಹಾಗೆಂದು 4ಜಿ ಕಲಿಸುವುದು ತಪ್ಪಲ್ಲ. ದೇಶದ ಜಾಲಗಳಲ್ಲಿ 4ಜಿ ಇನ್ನೂ ಬಹುಕಾಲ ಇರಲಿದೆ, ಅದು ತಿಳಿಯದೆ 5ಜಿ ಅರ್ಥವಾಗುವುದೂ ಕಷ್ಟ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಅಳತೆಯೂ ಮುಖ್ಯ. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಅನುಮಾನ ಬಂದಾಗ ಕನ್ನಡದಲ್ಲಿ ಕೇಳಿದರೆ ಉತ್ತರ ಸಿಗುತ್ತದೆಯೇ? ಫೈಬರ್ ಕೆಲಸದ ತರಬೇತಿಯಲ್ಲಿ ಇದು ಸಾಧ್ಯ. ಪ್ರೋಟೊಕಾಲ್ ಕೆಲಸದಲ್ಲಿ ದಾಖಲೆಗಳೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ, ಪಾಠ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷ್ ದಾಖಲೆ ಓದುವ ಅಭ್ಯಾಸ ಮಾಡಿಕೊಳ್ಳಲೇಬೇಕು.

ಸರ್ಕಾರಿ ಕೌಶಲ ತರಬೇತಿ ಮತ್ತು ಬಿಎಸ್‌ಎನ್‌ಎಲ್ ಕೇಂದ್ರಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಅಥವಾ ಐಟಿಐ ಮುಗಿಸಿದವರಿಗೆ ಅತಿ ಕಡಿಮೆ ಖರ್ಚಿನ ದಾರಿ ಟೆಲಿಕಾಂ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಮಾನ್ಯತೆಯ ಅಲ್ಪಾವಧಿ ಕೋರ್ಸುಗಳು. ಆಪ್ಟಿಕಲ್ ಫೈಬರ್ ಸ್ಪ್ಲೈಸರ್, ಬ್ರಾಡ್‌ಬ್ಯಾಂಡ್ ಟೆಕ್ನಿಷಿಯನ್ ಮುಂತಾದ ಹೆಸರುಗಳಲ್ಲಿ ಇವು ನಡೆಯುತ್ತವೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಬಂದರೆ ಶುಲ್ಕವಿಲ್ಲ, ಕೊನೆಯ ಮೌಲ್ಯಮಾಪನವನ್ನು ಕಲಿಸಿದವರಲ್ಲದೆ ಬೇರೆಯವರು ಮಾಡುತ್ತಾರೆ, ಪ್ರಮಾಣಪತ್ರದ ಮೇಲೆ ರಾಷ್ಟ್ರೀಯ ಕೌಶಲ ಚೌಕಟ್ಟಿನ ಮಟ್ಟ ನಮೂದಾಗಿರುತ್ತದೆ. ಇದರ ಕೊರತೆ ಎಂದರೆ ಕೇಂದ್ರದಿಂದ ಕೇಂದ್ರಕ್ಕೆ ಗುಣಮಟ್ಟ ವಿಪರೀತ ಬದಲಾಗುತ್ತದೆ. ಸೇರುವ ಮೊದಲು ಒಮ್ಮೆ ಹೋಗಿ, ಸ್ಪ್ಲೈಸಿಂಗ್ ಯಂತ್ರ ಮತ್ತು ಫೈಬರಿನ ದೋಷ ಎಲ್ಲಿದೆ ಎಂದು ತೋರಿಸುವ ಓಟಿಡಿಆರ್ ಉಪಕರಣ ನಿಜವಾಗಿ ಇವೆಯೇ, ಅವು ಕೆಲಸ ಮಾಡುತ್ತವೆಯೇ, ಅಭ್ಯಾಸಕ್ಕೆ ಫೈಬರ್ ತುಂಡುಗಳನ್ನು ಧಾರಾಳವಾಗಿ ಕೊಡುತ್ತಾರೆಯೇ ಎಂದು ನೋಡಿ.

ಫೈಬರ್ ಕೆಲಸವನ್ನು ಕೀಳಾಗಿ ಕಾಣುವ ಮನೋಭಾವ ನಮ್ಮಲ್ಲಿದೆ. ಅದು ನನಗೆ ಬೇಸರದ ವಿಷಯ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮದ ಮೊತ್ತವೇ 1,39,579 ಕೋಟಿ ರೂಪಾಯಿ. ಹಳ್ಳಿಗಳಿಗೆ ಹೋಗುವ ಆ ಫೈಬರನ್ನು ಜೋಡಿಸಿ, ಕಾಪಾಡಿ, ತುಂಡಾದ ರಾತ್ರಿ ಹೋಗಿ ಸರಿಪಡಿಸುವವರು ಬೇಕೇ ಬೇಕು. ಈ ಕೆಲಸದಲ್ಲಿಯೂ ಲೆಕ್ಕ ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ಬಹಳ ಅಂತರವಿದೆ. ಉದಾಹರಣೆಗೆ, ಎಕ್ಸ್‌ಚೇಂಜಿನಲ್ಲಿ ಫೈಬರಿಗೆ ಬೆಳಕು ಕಳಿಸುವ ಓಎಲ್‌ಟಿ ಉಪಕರಣದಿಂದ 3 ಡಿಬಿಎಂ ಬೆಳಕು ಹೊರಟಿತು ಎಂದುಕೊಳ್ಳಿ (ಡಿಬಿಎಂ ಬಲದ ಅಳತೆ, ಡಿಬಿ ನಷ್ಟದ ಅಳತೆ). ಒಂದು ಫೈಬರಿನ ಬೆಳಕನ್ನು 32 ಕಡೆಗೆ ಹಂಚುವ 1:32 ಸ್ಪ್ಲಿಟರಿನಲ್ಲಿ ಸುಮಾರು 17 ಡಿಬಿ, 10 ಕಿಲೋಮೀಟರ್ ಫೈಬರಿನಲ್ಲಿ ಸುಮಾರು 3 ಡಿಬಿ, ಸ್ಪ್ಲೈಸ್ ಮತ್ತು ಕನೆಕ್ಟರುಗಳಲ್ಲಿ ಒಂದೆರಡು ಡಿಬಿ ಕಳೆದರೆ ಗ್ರಾಹಕರ ಮನೆಯಲ್ಲಿ ಪವರ್ ಮೀಟರ್ -19 ಡಿಬಿಎಂ ಆಸುಪಾಸು ತೋರಿಸಬೇಕು. ಅದು -26 ತೋರಿಸಿದರೆ ಸಂಪರ್ಕ ಸದ್ಯಕ್ಕೆ ನಡೆಯಬಹುದು, ಆದರೆ ಮನೆಯಲ್ಲಿಡುವ ಸಾಮಾನ್ಯ ಜಿಪಾನ್ (ಫೈಬರ್ ಬ್ರಾಡ್‌ಬ್ಯಾಂಡ್) ಉಪಕರಣದ ಮಿತಿ -27ರ ಹತ್ತಿರ ಇರುವುದರಿಂದ ಎಲ್ಲೋ ಒಂದು ಬಾಗು ಅಥವಾ ಕೊಳಕು ಕನೆಕ್ಟರ್ ಕುಳಿತಿದೆ ಎಂದೇ ಅರ್ಥ. ಈ ಲೆಕ್ಕವನ್ನು ನಿಮ್ಮಿಂದ ಮಾಡಿಸುವ ತರಬೇತಿ ಒಳ್ಳೆಯದು, ಕೇವಲ ಯಂತ್ರದ ಗುಂಡಿ ಒತ್ತುವುದನ್ನು ಕಲಿಸುವುದು ಸಾಲದು. ಟವರ್ ಕೆಲಸಕ್ಕೆ ಹೋಗುವವರು ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿ ಇಲ್ಲದ ಯಾವ ಕೋರ್ಸಿಗೂ ಸೇರಬಾರದು. ಇದರಲ್ಲಿ ಹಣ ಉಳಿಸುವ ಮಾತೇ ಇಲ್ಲ.

ಡಿಪ್ಲೊಮಾ ಮತ್ತು ಬಿಇ ಓದುತ್ತಿರುವವರಿಗೆ ಬಿಎಸ್‌ಎನ್‌ಎಲ್ ತರಬೇತಿ ಕೇಂದ್ರಗಳು ಇನ್ನೊಂದು ಆಯ್ಕೆ. ಗಾಜಿಯಾಬಾದಿನ ಎಎಲ್‌ಟಿಟಿಸಿ ಮತ್ತು ಜಬಲ್‌ಪುರದ ಬಿಆರ್‌ಬಿಆರ್‌ಎಐಟಿಟಿ ಇವುಗಳಲ್ಲಿ ದೊಡ್ಡವು, ಕರ್ನಾಟಕದವರಿಗೆ ಹತ್ತಿರದ್ದು ಮೈಸೂರಿನ ಪ್ರಾದೇಶಿಕ ಟೆಲಿಕಾಂ ತರಬೇತಿ ಕೇಂದ್ರ. ಇಲ್ಲಿನ ಬಲ, ಜೀವಂತ ಜಾಲದ ಉಪಕರಣಗಳನ್ನು ಕಣ್ಣಾರೆ ಕಾಣುವ ಅವಕಾಶ ಮತ್ತು ಅವುಗಳೊಂದಿಗೆ ವರ್ಷಗಟ್ಟಲೆ ದುಡಿದವರಿಂದ ಪಾಠ. ಕೆಲವೇ ವಾರಗಳ ತರಬೇತಿಯಿಂದ ನೇರವಾಗಿ ಕೆಲಸ ಸಿಗುತ್ತದೆಂದು ನಿರೀಕ್ಷಿಸಬಾರದು. ಕಾಲೇಜಿನ ಇಂಟರ್ನ್‌ಶಿಪ್ ಹೇಗಿದ್ದರೂ ಮಾಡಲೇಬೇಕಾಗಿರುವಾಗ, ಹೆಸರಿಗೆ ಮಾತ್ರ ಪ್ರಮಾಣಪತ್ರ ಮಾರುವ ಕಡೆ ಹಣ ಕೊಡುವುದಕ್ಕಿಂತ ಇಲ್ಲಿ ಹೋಗುವುದು ಎಷ್ಟೋ ಮೇಲು.

ಅಪ್ರೆಂಟಿಸ್ ಆಗಿ ಸೇರುವ ದಾರಿಯನ್ನು ಹಲವರು ಮರೆತೇಬಿಡುತ್ತಾರೆ. ಡಿಪ್ಲೊಮಾ ಅಥವಾ ಪದವಿ ಮುಗಿಸಿದವರು ಎನ್‌ಎಟಿಎಸ್ ಎಂಬ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡರೆ ಒಂದು ವರ್ಷ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯಬಹುದು. ಹಣ ಕೊಟ್ಟು ಕಲಿಯುವುದಕ್ಕೂ ಹಣ ಪಡೆದು ಕಲಿಯುವುದಕ್ಕೂ ಇರುವ ವ್ಯತ್ಯಾಸ ಬಡ ಮನೆಯವರಿಗೆ ಸಣ್ಣದಲ್ಲ.

ಎನ್‌ಪಿಟಿಇಎಲ್: ಸಿದ್ಧಾಂತಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ನಿಸ್ತಂತು ಸಂವಹನದ ಹಲವು ಕೋರ್ಸುಗಳಿವೆ. ಪಾಠ ಕೇಳಲು, ಅಸೈನ್‌ಮೆಂಟ್ ಮಾಡಲು ಒಂದು ಪೈಸೆಯೂ ಬೇಡ. ಪ್ರಮಾಣಪತ್ರ ಬೇಕೆನಿಸಿದರೆ ಮಾತ್ರ ಒಂದು ಕೋರ್ಸಿಗೆ 1,000 ರೂಪಾಯಿ ಪರೀಕ್ಷಾ ಶುಲ್ಕ ಕಟ್ಟಬೇಕು. ಪರೀಕ್ಷೆ ಮನೆಯಲ್ಲಿ ಕುಳಿತು ಬರೆಯುವಂಥದ್ದಲ್ಲ, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ನಗರಗಳ ಕೇಂದ್ರಗಳಲ್ಲಿ ಖುದ್ದಾಗಿ ಹಾಜರಾಗಿ ಬರೆಯಬೇಕು. ಅಂತಿಮ ಅಂಕದಲ್ಲಿ ನೂರಕ್ಕೆ 75 ಪಾಲು ಈ ಪರೀಕ್ಷೆಯದು, 25 ಪಾಲು ವಾರ ವಾರದ ಅಸೈನ್‌ಮೆಂಟುಗಳದು. ಹೀಗಾಗಿ ಪ್ರಮಾಣಪತ್ರಕ್ಕೆ ತೂಕವಿದೆ, ವಿಟಿಯು ವಿದ್ಯಾರ್ಥಿಗಳು ಆನರ್ಸ್ ಪದವಿಯ ಹೆಚ್ಚುವರಿ ಕ್ರೆಡಿಟ್‌ಗಳನ್ನೂ ಈ ದಾರಿಯಲ್ಲಿ ಗಳಿಸಬಹುದು.

ಆದರೆ ಇದು ಗಣಿತ ಬೇಡುವ ದಾರಿ. ಫೇಡಿಂಗ್ (ಸಿಗ್ನಲ್ಲಿನ ಏರಿಳಿತ), ಓಎಫ್‌ಡಿಎಂ (ಡೇಟಾವನ್ನು ಹಲವು ತರಂಗಾಂತರಗಳಲ್ಲಿ ಹಂಚಿ ಕಳಿಸುವುದು), ಮಿಮೊ (ಹಲವು ಆಂಟೆನಾಗಳನ್ನು ಒಟ್ಟಿಗೆ ಬಳಸುವುದು) ಇವುಗಳನ್ನು ಸಂಭಾವ್ಯತೆ ಮತ್ತು ರೇಖೀಯ ಬೀಜಗಣಿತದ ಮೂಲಕವೇ ಕಲಿಸುತ್ತಾರೆ. ಇಂಜಿನಿಯರಿಂಗ್ ಗಣಿತವನ್ನು ಪಾಸಾಗಲು ಮಾತ್ರ ಓದಿದವರು ಮೂರನೇ ವಾರಕ್ಕೇ ಕೈಬಿಡುವ ಸಂಭವವಿದೆ. ಉಪಕರಣವಂತೂ ಇಲ್ಲವೇ ಇಲ್ಲ. ಬೇಸ್ ಸ್ಟೇಷನ್ನಿನ (ಟವರಿನ ರೇಡಿಯೊ ಉಪಕರಣದ) ಭೌತಿಕ ಸ್ತರದ ಅಂದರೆ ರೇಡಿಯೊ ಸಿಗ್ನಲನ್ನೇ ನಿರ್ವಹಿಸುವ ಸಾಫ್ಟ್‌ವೇರ್, ಮೋಡೆಮ್ ಚಿಪ್ಪುಗಳ ಕೆಲಸ, ಮುಂದೆ ಎಂ.ಟೆಕ್ ಅಥವಾ ಸಂಶೋಧನೆ ಬಯಸುವವರಿಗೆ ಇದು ಅಗತ್ಯವೇ ಸರಿ. ಡ್ರೈವ್ ಟೆಸ್ಟ್ ಅಥವಾ ಎನ್‌ಒಸಿ ಕೆಲಸಕ್ಕೆ ಹೊರಟವರು ಇಷ್ಟು ಆಳಕ್ಕೆ ಇಳಿಯದಿದ್ದರೂ ನಡೆಯುತ್ತದೆ.

ಸಿಸಿಎನ್‌ಎ ಮತ್ತು ಸಿಡಬ್ಲ್ಯುಎನ್‌ಎ

ಐಪಿ ನೆಟ್‌ವರ್ಕಿನ ಕಡೆ ಹೋಗುವವರು ಸಿಸ್ಕೊ ಕಂಪನಿಯ ಸಿಸಿಎನ್‌ಎ ಪ್ರಮಾಣಪತ್ರದ ಹೆಸರು ಕೇಳಿಯೇ ಇರುತ್ತಾರೆ. 2020ರ ಫೆಬ್ರವರಿಯಿಂದ 200-301 ಎಂಬ ಒಂದೇ ಪರೀಕ್ಷೆ, 120 ನಿಮಿಷ, ಶುಲ್ಕ 300 ಡಾಲರ್ ಮತ್ತು ತೆರಿಗೆ. ರೂಪಾಯಿ ಲೆಕ್ಕದಲ್ಲಿ ಇದು ಡಾಲರಿನ ದರದ ಮೇಲೆ ನಿಂತಿದೆ, ಒಮ್ಮೆ ಫೇಲಾದರೆ ಮತ್ತೆ ಪೂರ್ತಿ ಕಟ್ಟಬೇಕು. ಪ್ರಮಾಣಪತ್ರಕ್ಕೆ ಮೂರು ವರ್ಷದ ಅವಧಿ. ಪಠ್ಯದಲ್ಲಿ ಐಪಿ ಸಂಪರ್ಕಕ್ಕೆ ನೂರಕ್ಕೆ 25, ನೆಟ್‌ವರ್ಕಿನ ಮೂಲಭೂತ ಪಾಠಗಳಿಗೆ 20, ಆಟೊಮೇಷನ್‌ಗೆ 10 ಪಾಲು ಇದೆ. ವೈ-ಫೈ ಸ್ವಲ್ಪವೇ ಬರುತ್ತದೆ, ಮೊಬೈಲ್ ಜಾಲ ಬರುವುದಿಲ್ಲ. ಆದರೂ ಟೆಲಿಕಾಂ ಕಡೆ ಹೊರಟವರಿಗೂ ನಾನು ಇದನ್ನು ಸೂಚಿಸುತ್ತೇನೆ, ಯಾಕೆಂದರೆ ಇಂದಿನ ಮೊಬೈಲ್ ಜಾಲದ ಒಳಗೆ ಟವರಿನಿಂದ ಕೋರ್ ಎಂಬ ಜಾಲದ ಕೇಂದ್ರ ಭಾಗದ ತನಕ ಹರಿಯುವುದೆಲ್ಲ ಐಪಿ ಪ್ಯಾಕೆಟ್ಟುಗಳೇ. ಐಪಿ ವಿಳಾಸಗಳನ್ನು ಗುಂಪುಗಳಾಗಿ ಒಡೆಯುವ ಸಬ್‌ನೆಟ್ ಲೆಕ್ಕ ಬಾರದ 5ಜಿ ಇಂಜಿನಿಯರ್ ಮೊದಲ ವಾರವೇ ತೊಡಕಿಗೆ ಸಿಕ್ಕುತ್ತಾನೆ.

ಸಿಸಿಎನ್‌ಎಗೆ ದುಬಾರಿ ಕೋಚಿಂಗ್ ಕಡ್ಡಾಯವಲ್ಲ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಮೂಲಕ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ; ರೌಟರ್ ಮತ್ತು ಸ್ವಿಚ್‌ಗಳನ್ನು ಅದರಲ್ಲೇ ಜೋಡಿಸಿ ಪರೀಕ್ಷೆಗೆ ಬೇಕಾದಷ್ಟು ಅಭ್ಯಾಸ ಮಾಡಬಹುದು. ಶಿಸ್ತಿನಿಂದ ಒಬ್ಬರೇ ಓದಬಲ್ಲವರು ಪರೀಕ್ಷಾ ಶುಲ್ಕವೊಂದರಲ್ಲೇ ಮುಗಿಸಬಹುದು, ಜೊತೆ ಮತ್ತು ಒತ್ತಾಯ ಇದ್ದರೆ ಮಾತ್ರ ಓದುವವರು ತರಗತಿಗೆ ಹಣ ಕೊಡುವುದರಲ್ಲಿ ತಪ್ಪಿಲ್ಲ. ಹಿಂದಿನ ಪರೀಕ್ಷೆಯ ಪ್ರಶ್ನೆಗಳೆಂದು ಮಾರುವ ಡಂಪ್‌ಗಳಿಂದ ದೂರವಿರಿ. ಅವುಗಳಿಂದ ಪಾಸಾದವರು ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತಾರೆ, ಸಿಕ್ಕಿಬಿದ್ದರೆ ಪ್ರಮಾಣಪತ್ರವೂ ರದ್ದಾಗುತ್ತದೆ.

ವೈ-ಫೈಯನ್ನೇ ವೃತ್ತಿಯಾಗಿ ಮಾಡಿಕೊಳ್ಳುವವರಿಗೆ ಸಿಡಬ್ಲ್ಯುಎನ್‌ಪಿ ಸಂಸ್ಥೆಯ ಸಿಡಬ್ಲ್ಯುಎನ್‌ಎ ಇದೆ. ಇದು ಯಾವ ಕಂಪನಿಯ ಉಪಕರಣಕ್ಕೂ ಕಟ್ಟುಬಿದ್ದಿಲ್ಲ. 60 ಪ್ರಶ್ನೆಗಳು, 90 ನಿಮಿಷ, ಪಾಸಾಗಲು ನೂರಕ್ಕೆ 70 ಬೇಕು. ಡೆಸಿಬೆಲ್ ಲೆಕ್ಕ, ಆಂಟೆನಾ, ಸೈಟ್ ಸರ್ವೆ, ಚಾನೆಲ್ ಹಂಚಿಕೆ ಎಲ್ಲವನ್ನೂ ಗಟ್ಟಿಯಾಗಿ ಕಲಿಸುತ್ತದೆ. ನಮ್ಮಲ್ಲಿ ಉದ್ಯೋಗ ಜಾಹೀರಾತುಗಳಲ್ಲಿ ಸಿಸಿಎನ್‌ಎ ಹೆಸರು ಕಾಣುವಷ್ಟು ಇದರ ಹೆಸರು ಕಾಣುವುದಿಲ್ಲ, ಆದ್ದರಿಂದ ಮೊದಲ ಕೆಲಸಕ್ಕೆ ಸಿಸಿಎನ್‌ಎ, ಆಸ್ಪತ್ರೆ, ವಿಮಾನ ನಿಲ್ದಾಣ, ಕಾರ್ಖಾನೆಗಳ ವೈ-ಫೈ ನೋಡಿಕೊಳ್ಳುವ ಹಂತಕ್ಕೆ ಬಂದ ಮೇಲೆ ಸಿಡಬ್ಲ್ಯುಎನ್‌ಎ ಎಂಬ ಕ್ರಮ ನನಗೆ ಸರಿ ಕಾಣುತ್ತದೆ. ಗಲ್ಫ್ ದೇಶಗಳಿಗೆ ಹೋಗುವ ಯೋಚನೆಯಿರುವ ಕರಾವಳಿಯವರಿಗೂ ಇದೇ ಮಾತು.

ಬೆಂಗಳೂರಿನ ಖಾಸಗಿ ಸಂಸ್ಥೆಗಳು

ಹೆಚ್ಚು ಹಣ ಹೋಗುವುದೂ ಹೆಚ್ಚು ನಿರಾಸೆಯಾಗುವುದೂ ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಇವುಗಳಲ್ಲಿ ಎರಡು ಬಗೆ. ಒಂದು, ಡ್ರೈವ್ ಟೆಸ್ಟ್ ಮತ್ತು ಆರ್‌ಎಫ್ (ರೇಡಿಯೊ) ಆಪ್ಟಿಮೈಸೇಷನ್ ಕಲಿಸುವವು. ಇನ್ನೊಂದು, ಪ್ರೋಟೊಕಾಲ್ ಟೆಸ್ಟಿಂಗ್ ಮತ್ತು ಡೆವಲಪ್‌ಮೆಂಟ್ ಕಲಿಸುವವು. ಶುಲ್ಕ ಹತ್ತಾರು ಸಾವಿರದಿಂದ ಲಕ್ಷ ದಾಟುವ ತನಕ ಇರುತ್ತದೆ.

ಡ್ರೈವ್ ಟೆಸ್ಟ್ ಕೋರ್ಸಿನಲ್ಲಿ ಟೆಮ್ಸ್ ಅಥವಾ ನೆಮೊ ತಂತ್ರಾಂಶದಲ್ಲಿ ನಿಜವಾದ ರಸ್ತೆಯ ಮೇಲೆ ನಿಮ್ಮ ಕೈಯಿಂದ ಲಾಗ್ (ಅಳತೆಗಳ ದಾಖಲೆ) ತೆಗೆಸುತ್ತಾರೆಯೇ, ಆ ಲಾಗನ್ನು ಬಿಡಿಸಿ ವರದಿ ಬರೆಸುತ್ತಾರೆಯೇ ಎಂಬುದೇ ನಿರ್ಣಾಯಕ. ಒಂದು ಬೀದಿಯಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ಲಿನ ಬಲ) -80 ಡಿಬಿಎಂ ಎಂದು ಚೆನ್ನಾಗಿ ತೋರುತ್ತಿದ್ದರೂ ಎಸ್‌ಐಎನ್‌ಆರ್ (ಅಡ್ಡಿಗೆ ಹೋಲಿಸಿದಾಗ ಸಿಗ್ನಲ್ ಎಷ್ಟು ಸ್ಪಷ್ಟ ಎಂಬ ಅಳತೆ) ಸೊನ್ನೆಗಿಂತ ಕೆಳಗಿದ್ದು ಡೇಟಾ ನಿಧಾನವಾಗಿದ್ದರೆ, ಸಿಗ್ನಲ್ ಕಡಿಮೆಯಾಗಿಲ್ಲ, ಒಂದರ ಮೇಲೊಂದು ಸೆಲ್ ಬಿದ್ದು ಪರಸ್ಪರ ಅಡ್ಡಿ ಮಾಡುತ್ತಿವೆ ಎಂದು ಗುರುತಿಸಬೇಕು. ದೂರದ ಯಾವ ಟವರಿನ ಆಂಟೆನಾ ತಲೆ ಎತ್ತಿಕೊಂಡಿದೆ, ಅದನ್ನು ಎಷ್ಟು ತಗ್ಗಿಸಬೇಕು ಎಂದು ಹೇಳಲು ಬರಬೇಕು. ಇದು ಬಂದವರಿಗೆ ಕೆಲಸವಿದೆ. ಆದರೆ ಆರಂಭದ ಕೆಲಸಗಳು ಬಹುಪಾಲು ಉಪಗುತ್ತಿಗೆದಾರ ಕಂಪನಿಗಳಲ್ಲಿ, ಒಪ್ಪಂದದ ಮೇಲೆ, ಊರೂರು ಸುತ್ತುವಂಥವು, ಕೆಲವೊಮ್ಮೆ ರಾತ್ರಿ ಹೊತ್ತಿನವು ಎಂಬುದನ್ನು ತಿಳಿದೇ ಒಪ್ಪಿಕೊಳ್ಳಿ. ಹೊಸ ಜಾಲ ಹರಡುವ ವರ್ಷಗಳಲ್ಲಿ ಬೇಡಿಕೆ ಏರಿ, ಆಮೇಲೆ ಇಳಿಯುವುದು ಈ ಕೆಲಸದ ಸ್ವಭಾವ. ಆದ್ದರಿಂದ ಇದಕ್ಕೆ ದೊಡ್ಡ ಸಾಲ ಮಾಡಿ ಶುಲ್ಕ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಪ್ರೋಟೊಕಾಲ್ ಕೋರ್ಸುಗಳ ಲೆಕ್ಕ ಬೇರೆ. ಸಂಬಳದ ಏರಿಕೆ ಇಲ್ಲಿ ಚೆನ್ನಾಗಿದೆ, ಪ್ರವೇಶ ಕಷ್ಟ. ಸಿ ಭಾಷೆ, ಲಿನಕ್ಸ್, ಪೈಥಾನ್ ಮೂರೂ ಚೆನ್ನಾಗಿ ಬರಬೇಕು. ಇವು ಬಾರದವರನ್ನು ಯಾವ ಪೂರ್ವಪರೀಕ್ಷೆಯೂ ಇಲ್ಲದೆ ಸೇರಿಸಿಕೊಳ್ಳುವ ಸಂಸ್ಥೆಗೆ ನಿಮ್ಮ ಕೆಲಸಕ್ಕಿಂತ ನಿಮ್ಮ ಶುಲ್ಕ ಮುಖ್ಯ. ಒಳ್ಳೆಯ ಸಂಸ್ಥೆ ನಿಮ್ಮನ್ನು ನೇರವಾಗಿ, ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಒಕ್ಕೂಟದ ದಾಖಲೆಗಳ ಮುಂದೆ ಕೂರಿಸುತ್ತದೆ: ರೇಡಿಯೊ ಸಂಪರ್ಕವನ್ನು ನಿಯಂತ್ರಿಸುವ ಆರ್‌ಆರ್‌ಸಿಗೆ 38.331, ರೇಡಿಯೊ ಸಮಯವನ್ನು ಫೋನುಗಳಿಗೆ ಹಂಚುವ ಎಂಎಸಿಗೆ 38.321, ಫೋನು ಮತ್ತು ಕೋರಿನ ನಡುವಿನ ಸಂದೇಶಗಳಾದ 5ಜಿ ಎನ್‌ಎಎಸ್‌ಗೆ 24.501, ಕಾರ್ಯವಿಧಾನಗಳಿಗೆ 23.502. ಈ ದಾಖಲೆಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ತನ್ನದೇ ನೋಟ್ಸನ್ನು ಬೀಗ ಹಾಕಿಟ್ಟು ಮಾರುವ ಸಂಸ್ಥೆಯ ನೋಟ್ಸು ಬಹುಪಾಲು ಇವುಗಳಿಂದಲೇ ಎತ್ತಿದ್ದಾಗಿರುತ್ತದೆ.

ಹಣ ಕಟ್ಟುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. 8 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿ, ಓಪನ್5ಜಿಎಸ್ ಎಂಬ ಮುಕ್ತ ತಂತ್ರಾಂಶದಿಂದ 5ಜಿ ಕೋರನ್ನೂ, ಯುಇರಾನ್‌ಸಿಮ್ ಎಂಬುದರಿಂದ ಒಂದು ಕೃತಕ ಬೇಸ್ ಸ್ಟೇಷನ್ ಮತ್ತು ಫೋನನ್ನೂ ಓಡಿಸಿ. ಆ ಫೋನು ಜಾಲಕ್ಕೆ ನೋಂದಾಯಿಸಿಕೊಂಡು ಪಿಡಿಯು ಸೆಷನ್ (ಡೇಟಾ ಸಂಪರ್ಕ) ತೆರೆಯುವಾಗ ಹರಿಯುವ ಸಂದೇಶಗಳನ್ನು ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ಹಿಡಿದು, 23.502 ದಾಖಲೆಯ ಚಿತ್ರದೊಂದಿಗೆ ಸಾಲು ಸಾಲಾಗಿ ಹೋಲಿಸಿ. ಇದರಲ್ಲಿ ರೇಡಿಯೊ ಭಾಗ ಹುಸಿಯಾದದ್ದು, ಆದ್ದರಿಂದ ಭೌತಿಕ ಸ್ತರದ ಬಗ್ಗೆ ಏನೂ ತಿಳಿಯುವುದಿಲ್ಲ. ಅದು ಬೇಕಾದವರು ಎಸ್‌ಆರ್‌ಎಸ್‌ರಾನ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಕಡೆ ಹೋಗಬೇಕು. ಒಂದು ಎಚ್ಚರಿಕೆ: ಸಾಫ್ಟ್‌ವೇರ್ ರೇಡಿಯೊ ಕೊಂಡು ಮೊಬೈಲ್ ತರಂಗಾಂತರದಲ್ಲಿ ಸಿಗ್ನಲ್ ಪ್ರಸಾರ ಮಾಡಲು ಪರವಾನಗಿ ಬೇಕು, ಇಲ್ಲದೆ ಮಾಡುವುದು ಅಪರಾಧ. ಈ ಅಭ್ಯಾಸದಲ್ಲಿ ರಾತ್ರಿ ಹತ್ತಾದರೂ ಎದ್ದು ಹೋಗಲು ಮನಸ್ಸಾಗದಿದ್ದರೆ ಪ್ರೋಟೊಕಾಲ್ ಕೆಲಸ ನಿಮಗೆ ಒಗ್ಗುತ್ತದೆ, ಎರಡು ಸಂಜೆಗಳಲ್ಲೇ ಸಾಕೆನಿಸಿದರೆ ಲಕ್ಷ ರೂಪಾಯಿ ಉಳಿಯಿತು.

ಪೂರ್ಣಾವಧಿ ಡಿಪ್ಲೊಮಾ ಮತ್ತು ಕಾಲೇಜಿನ ಪ್ರಯೋಗಾಲಯ

ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ ನಡೆಸುವ ಸುಮಾರು ಆರು ತಿಂಗಳ ಪಿಜಿ ಡಿಪ್ಲೊಮಾಗಳಿಗೆ ಸಿ-ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಟೆಲಿಕಾಂ ಎಂಬ ಹೆಸರು ಇಲ್ಲದಿದ್ದರೂ ಎಂಬೆಡೆಡ್ ಸಿಸ್ಟಮ್ಸ್ ಡಿಪ್ಲೊಮಾ ಪ್ರೋಟೊಕಾಲ್ ಮತ್ತು ಉಪಕರಣ ತಯಾರಿಕೆಯ ಕೆಲಸಗಳಿಗೆ ಒಳ್ಳೆಯ ಬುನಾದಿ, ಏಕೆಂದರೆ ಸಿ, ಲಿನಕ್ಸ್ ಮತ್ತು ಯಂತ್ರಾಂಶವನ್ನು ನಡೆಸುವ ಡ್ರೈವರ್ ತಂತ್ರಾಂಶದ ಮಟ್ಟದ ಕೆಲಸವನ್ನು ದಿನವಿಡೀ ಮಾಡಿಸುತ್ತಾರೆ. ಅರ್ಧ ವರ್ಷ ಬೇರೇನೂ ಮಾಡಲಾಗದು ಎಂಬುದೇ ಇದರ ಬೆಲೆ. ಕೆಲಸದಲ್ಲಿರುವವರಿಗಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದುವರಿದ ಶಿಕ್ಷಣ ಕೇಂದ್ರದ ಪ್ರೊಫಿಷಿಯನ್ಸ್ ಕೋರ್ಸುಗಳಿವೆ. ಕೆಲಸ ಬಿಡದೆ ಓದಬಹುದು.

2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದ 100 ಶಿಕ್ಷಣ ಸಂಸ್ಥೆಗಳಿಗೆ 5ಜಿ ಪ್ರಯೋಗಾಲಯಗಳನ್ನು ನೀಡಿತು. ನಿಮ್ಮ ಕಾಲೇಜಿನಲ್ಲಿಯೋ ಹತ್ತಿರದ ಕಾಲೇಜಿನಲ್ಲಿಯೋ ಅಂಥದ್ದಿದ್ದರೆ, ಖಾಸಗಿ ಕೋರ್ಸಿಗೆ ಹಣ ಹುಡುಕುವ ಮೊದಲು ಅಲ್ಲಿನ ಪ್ರಾಧ್ಯಾಪಕರನ್ನು ಕಂಡು ಕೆಲಸ ಮಾಡಲು ಅವಕಾಶ ಕೇಳಿ. ಬೀಗ ಹಾಕಿಟ್ಟ ಪ್ರಯೋಗಾಲಯಗಳು ಕೇಳುವ ವಿದ್ಯಾರ್ಥಿಗಳಿದ್ದರೆ ತೆರೆಯುತ್ತವೆ.

ನಿಮ್ಮ ಸ್ಥಿತಿ ಯಾವುದು

ತಾಲ್ಲೂಕಿನಲ್ಲಿದ್ದು, ಪಿಯುಸಿ ಅಥವಾ ಐಟಿಐ ಆಗಿದ್ದು, ಬೇಗ ದುಡಿಮೆ ಬೇಕಾದವರು ಉಚಿತ ಫೈಬರ್ ತರಬೇತಿಯಿಂದ ಆರಂಭಿಸುವುದೇ ಸರಿ. ಎರಡು ಮೂರು ವರ್ಷ ಅನುಭವವಾದ ಮೇಲೆ ಸಿಸಿಎನ್‌ಎ ಮಾಡಿಕೊಂಡರೆ ಕಂಬ ಹತ್ತುವ ಕೆಲಸದಿಂದ ಎನ್‌ಒಸಿಗೆ ದಾಟಬಹುದು. ಕೊನೆಯ ವರ್ಷದ ಬಿಇ ವಿದ್ಯಾರ್ಥಿಗೆ ಖರ್ಚು ಮಾಡಲು ಐದು ಸಾವಿರವಷ್ಟೇ ಇದ್ದರೆ ಎರಡು ಎನ್‌ಪಿಟಿಇಎಲ್ ಪರೀಕ್ಷೆ, ಮನೆಯ 5ಜಿ ಪ್ರಯೋಗ, ಬಿಎಸ್‌ಎನ್‌ಎಲ್ ಇಂಟರ್ನ್‌ಶಿಪ್ ಮೂರೂ ಅದರಲ್ಲೇ ಹೆಚ್ಚುಕಡಿಮೆ ಮುಗಿಯುತ್ತವೆ, ಮತ್ತು ಈ ಮೂರೂ ಇರುವ ರೆಸ್ಯುಮೆ, ಹೆಸರಿಲ್ಲದ ಸಂಸ್ಥೆಯ ದುಬಾರಿ ಪ್ರಮಾಣಪತ್ರವಿರುವ ರೆಸ್ಯುಮೆಗಿಂತ ಗಟ್ಟಿ. ಐವತ್ತು ಸಾವಿರ ತನಕ ಶಕ್ತಿಯಿದ್ದರೆ ಇದರ ಮೇಲೆ ಸಿಸಿಎನ್‌ಎ ಸೇರಿಸಿ, ಉಳಿದದ್ದನ್ನು ಸಂದರ್ಶನಗಳಿಗಾಗಿ ಬೆಂಗಳೂರಿನಲ್ಲಿ ಇರುವ ಖರ್ಚಿಗೆ ಇಟ್ಟುಕೊಳ್ಳಿ.

ವರ್ಷಗಳಿಂದ ಡ್ರೈವ್ ಟೆಸ್ಟ್ ಮಾಡುತ್ತಿರುವವರ ಕೈಯಲ್ಲಿ ಹೊಸಬರಿಗಿಲ್ಲದ ಆಸ್ತಿಯಿದೆ. ಜಾಲ ನಿಜವಾಗಿ ಎಲ್ಲಿ ಮುರಿಯುತ್ತದೆಂದು ಅವರು ಕಂಡಿದ್ದಾರೆ. ಇವರು ಮತ್ತೆ ಮೊದಲಿನಿಂದ 5ಜಿ ಪರಿಚಯದ ಕೋರ್ಸು ಮಾಡುವುದು ವ್ಯರ್ಥ. ಪೈಥಾನ್ ಕಲಿತು ತಮ್ಮ ಲಾಗುಗಳನ್ನು ತಾವೇ ವಿಶ್ಲೇಷಿಸುವ ಹಂತಕ್ಕೆ ಬಂದರೆ ಆಪ್ಟಿಮೈಸೇಷನ್ ಅಥವಾ ಫೀಲ್ಡ್ ಟೆಸ್ಟಿಂಗ್ ಹುದ್ದೆಗೆ ದಾರಿ ತೆರೆಯುತ್ತದೆ. ಮನೆಯ ಜವಾಬ್ದಾರಿಯಿಂದ ಕೆಲವು ವರ್ಷ ಕೆಲಸ ಬಿಟ್ಟು ಮರಳುತ್ತಿರುವ ಹೆಣ್ಣುಮಕ್ಕಳಿಗೆ ಊರೂರು ಅಲೆಯುವ ಅಥವಾ ರಾತ್ರಿ ಪಾಳಿಯ ಕೆಲಸ ಕಷ್ಟವೆನಿಸಿದರೆ ಪ್ರೋಟೊಕಾಲ್ ಟೆಸ್ಟಿಂಗ್ ಹೊಂದುತ್ತದೆ. ಆರು ತಿಂಗಳು ಮನೆಯಲ್ಲೇ ಸಿದ್ಧತೆ ಮಾಡಿ ಆಮೇಲೆ ಸಂಸ್ಥೆಗೆ ಸೇರಿದರೆ ಕೊಟ್ಟ ಹಣ ದುಪ್ಪಟ್ಟು ಉಪಯೋಗಕ್ಕೆ ಬರುತ್ತದೆ.

ಖಾಸಗಿ ಸಂಸ್ಥೆಗೆ ಸೇರಲು ನಿರ್ಧರಿಸಿದವರು ಹಣ ಕಟ್ಟುವ ಮುನ್ನ ಒಂದು ತರಗತಿಯಲ್ಲಿ ಕುಳಿತು ನೋಡಲು ಕೇಳಿ, ಹಿಂದಿನ ತಂಡದ ಇಬ್ಬರು ಮೂವರೊಂದಿಗೆ ಮಾತನಾಡಿ, ಅವರು ಈಗ ಯಾವ ಕಂಪನಿಯಲ್ಲಿ ಯಾವ ಕೆಲಸದಲ್ಲಿದ್ದಾರೆಂದು ತಿಳಿದುಕೊಳ್ಳಿ. ನೂರಕ್ಕೆ ನೂರು ಕೆಲಸದ ಭರವಸೆ ಎಂದು ಬರೆದಿದ್ದರೆ ಅದರ ಷರತ್ತು ಮತ್ತು ಹಣ ವಾಪಸಿನ ನಿಯಮವನ್ನು ಲಿಖಿತವಾಗಿ ಪಡೆಯಿರಿ. ಅಂಕಪಟ್ಟಿಯ ಮೂಲಪ್ರತಿಯನ್ನು ಯಾವ ಕಾರಣಕ್ಕೂ ಸಂಸ್ಥೆಯಲ್ಲಿ ಒಪ್ಪಿಸಬೇಡಿ, ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೆಂದು ಹೇಳಿ ಕೊಡುವ ಕಾಗದಕ್ಕೆ ಸಹಿ ಹಾಕುವ ಮುನ್ನ, ಅದು ಸಂಸ್ಥೆಯ ಕಂತೋ ಅಥವಾ ನಿಮ್ಮ ಹೆಸರಿನಲ್ಲಿ ಹಣಕಾಸು ಕಂಪನಿಯೊಂದು ಕೊಡುವ ಸಾಲವೋ ಎಂದು ಓದಿ ನೋಡಿ. ಸಾಲವಾದರೆ ಕೋರ್ಸು ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ.

ಇಷ್ಟೆಲ್ಲ ಓದಿಯೂ ರೇಡಿಯೊ ಕಡೆಗೋ ಪ್ರೋಟೊಕಾಲ್ ಕಡೆಗೋ ಎಂದು ತೂಗಾಡುತ್ತಿರುವವರು ಎನ್‌ಪಿಟಿಇಎಲ್‌ನ ನಿಸ್ತಂತು ಸಂವಹನದ ಒಂದು ಕೋರ್ಸಿಗೆ ಹೆಸರು ಬರೆಸಿ, ಜೊತೆಗೆ ಓಪನ್5ಜಿಎಸ್ ಪ್ರಯೋಗವನ್ನೂ ಆರಂಭಿಸಿ; ಎರಡರಲ್ಲಿ ಯಾವುದು ಹಿಡಿಸುತ್ತದೆಂಬುದು ಒಂದೆರಡು ತಿಂಗಳಲ್ಲಿ ತಿಳಿಯುತ್ತದೆ. ಎನ್‌ಪಿಟಿಇಎಲ್ ಕೋರ್ಸುಗಳು ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಶುರುವಾಗುತ್ತವೆ. ಕೋರ್ಸಿಗೆ ಸೇರುವುದು ಮತ್ತು ಪರೀಕ್ಷೆಗೆ ನೋಂದಾಯಿಸುವುದು ಬೇರೆ ಬೇರೆ. ಪರೀಕ್ಷೆಯ ನೋಂದಣಿಗೆ ಪ್ರತ್ಯೇಕ ಕೊನೆಯ ದಿನಾಂಕವಿರುತ್ತದೆ, ಅದು ತಪ್ಪಿದರೆ ಪ್ರಮಾಣಪತ್ರಕ್ಕೆ ಆ ಕೋರ್ಸನ್ನು ಮತ್ತೆ ನಡೆಸುವ ತನಕ ಕಾಯಬೇಕು.